ಮಾರ್ಚ್ ತಿಂಗಳಲ್ಲಿ ನದಿಗೆ ಇಳಿಯೋ ಮುಂಚೆ

ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ನಾನು ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಊರು ತೀರ್ಥಹಳ್ಳಿ ಹತ್ರ. ಎಂಟೆಕ್ ಮುಗಿಸಿ ದಿಲ್ಲಿ ಕಡೆ ಬಂದು ಒಂಬತ್ತು ವರ್ಷ ಆಯ್ತು. ಇಲ್ಲಿ ಸಾಮಾನ್ಯವಾಗಿ ಸ್ಟಾರ್ಟಪ್, ಮ್ಯೂಚುವಲ್ ಫಂಡ್, ಹೊರರಾಜ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸೋದು ಹೇಗೆ, ಇಂಥ ವಿಷಯ ಮಾತಾಡ್ತಾರೆ. ನಾನು ಇವತ್ತು ಹುಳದ ಬಗ್ಗೆ ಮಾತಾಡ್ತೀನಿ. ಕೋಡಿನಲ್ಲಿರೋ ಹುಳ ಅಲ್ಲ, ನಿಜವಾದ ಹುಳ. ನಗಬೇಡಿ, ಈ ಹುಳದ ಹಿಂದೆ ಹೋಗಿ ನಾನೊಂದು ದೊಡ್ಡ ತಪ್ಪು ಮಾಡಿದೀನಿ. ಅದನ್ನ ಹೇಳೋಕೇ ಬಂದಿದ್ದು.

ಮಲೆನಾಡಿನವರು ಇಲ್ಲಿ ಎಷ್ಟು ಜನ ಇದೀರಿ? ನಿಮಗೆ ಎರಡು ವಿಷಯ ಗೊತ್ತಿರತ್ತೆ. ಒಂದು, ಮೊದಲ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟಿಗೆ ಮುತ್ತೋ ರೆಕ್ಕೆ ಗೆದ್ದಲು. ನಿನ್ನೆ ಒಂದೂ ಇರಲಿಲ್ಲ, ಇವತ್ತು ಅಮ್ಮ ಲೈಟ್ ಆರಿಸಿ ಕತ್ತಲಲ್ಲೇ ಊಟ ಬಡಿಸಬೇಕು. ಇನ್ನೊಂದು, ಹತ್ತುಮೀನು. ಜೂನ್‌ನಲ್ಲಿ ಹೊಸನೀರು ಬಂದಾಗ ಹೊಳೆ ಮೀನು ಹಳ್ಳ ಹತ್ತಿ, ಗದ್ದೆ ಅಂಚಿಗೆ ಬರೋದು. ಎರಡಕ್ಕೂ ಯಾರೂ ಮುಹೂರ್ತ ಇಟ್ಟುಕೊಟ್ಟಿರಲ್ಲ, ಆದ್ರೂ ಎಲ್ಲ ಒಂದೇ ದಿನ ಹೊರಡ್ತವೆ. ಇವತ್ತಿನ ವಿಷಯದಲ್ಲೂ ಇವೆರಡೇ ಇರೋದು, ಹುಳ ಮತ್ತು ಮೀನು. ಜಾಗ ಮಾತ್ರ ಹಿಮಾಲಯ, ಕಾಲ ಮಾರ್ಚ್.

ಜಾಗ ಹೇಳ್ತೀನಿ. ದಿಲ್ಲಿಯಿಂದ ಮನಾಲಿಗೆ ರಾತ್ರಿ ಬಸ್ ಹಿಡಿದ್ರೆ, ಬೆಳಗಿನ ಜಾವ ಔಟ್ ಸುರಂಗಕ್ಕೆ ಮುಂಚೆ ಇಳೀಬೇಕು. ಅಲ್ಲಿಂದ ಬಲಕ್ಕೆ ಬಂಜಾರ್ ರಸ್ತೆ. ಬಂಜಾರ್ ದಾಟಿ ಗುಶೈನಿ ಕಡೆ ಹೋದ್ರೆ ಪಕ್ಕದಲ್ಲೇ ತೀರ್ಥನ್ ನದಿ. ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕಿನ ಹಿಮದಲ್ಲಿ ಹುಟ್ಟಿ, ಲಾರ್ಜಿ ಹತ್ರ ಬಿಯಾಸ್ ಸೇರತ್ತೆ. ತೀರ್ಥಹಳ್ಳಿಯವನಿಗೆ ತೀರ್ಥನ್ ಅನ್ನೋ ಹೆಸರು ಕೇಳಿದ ಕೂಡ್ಲೇ ಏನೋ ಒಂಥರಾ ಆಗತ್ತೆ, ಬೇರೆ ಸಂಬಂಧ ಏನಿಲ್ಲ.

ಈ ನದಿಯಲ್ಲಿರೋ ಬ್ರೌನ್ ಟ್ರೌಟ್ ಅಲ್ಲಿಯದ್ದಲ್ಲ. 1909ರಲ್ಲಿ ಕುಲ್ಲು ಸೀಮೆಗೆ ಬ್ರಿಟಿಷ್ ಅಧಿಕಾರಿ ಹೊವೆಲ್ ಅನ್ನೋರು ಕಾಶ್ಮೀರದಿಂದ ಮೊಟ್ಟೆ ತರಿಸಿ ಬಿಟ್ಟಿದ್ದು. ಕಾಶ್ಮೀರಕ್ಕೆ ಬ್ರಿಟನ್ನಿಂದ ಬಂದಿತ್ತು. ನಮ್ಮ ತರಾನೇ, ವಲಸೆ ಬಂದು ಇಲ್ಲೇ ಮನೆ ಮಾಡ್ಕೊಂಡಿರೋ ಪೈಕಿ. ತಣ್ಣಗಿನ, ಗಾಳಿ ತುಂಬಿದ, ಕಲ್ಲು ಹಾಸಿನ ನೀರು ಬೇಕು ಅದಕ್ಕೆ. ನೀರು 20 ಡಿಗ್ರಿ ದಾಟಿದ್ರೆ ಒದ್ದಾಡತ್ತೆ. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆ ತನಕ ಟ್ರೌಟ್ ಹಿಡಿಯೋ ಹಾಗಿಲ್ಲ, ಅದು ಮೊಟ್ಟೆ ಇಡೋ ಕಾಲ. ಮಾರ್ಚ್ 1ಕ್ಕೆ ಸೀಸನ್ ಓಪನ್. ಮೀನುಗಾರಿಕೆ ಇಲಾಖೆ ಪರ್ಮಿಟ್ ತಗೋಬೇಕು.

ಈಗ ಫ್ಲೈ ಫಿಶಿಂಗ್ ಅಂದ್ರೆ ಏನು? ನಮ್ಮೂರ ಗಾಳ ನಿಮಗೆ ಗೊತ್ತು. ಬಿದಿರು ಕೋಲು, ದಾರ, ಸೀಸದ ಗುಂಡು, ಎರೆಹುಳ. ಭಾರ ಇರೋದು ತುದಿಯಲ್ಲಿ, ಅದು ದಾರವನ್ನ ಎಳ್ಕೊಂಡು ಹೋಗತ್ತೆ. ಇಲ್ಲಿ ಉಲ್ಟಾ. ತುದಿಯಲ್ಲಿರೋದು ಪುಕ್ಕ, ನೂಲು ಸುತ್ತಿ ಹುಳದ ಆಕಾರ ಮಾಡಿದ ಅಕ್ಕಿಕಾಳಿನಷ್ಟು ಗಾಳ. ತೂಕವೇ ಇಲ್ಲ. ಹಾಗಾಗಿ ದಾರಕ್ಕೇ ಭಾರ ಕೊಟ್ಟಿರ್ತಾರೆ. ಹಿಂದೆ ಮುಂದೆ ಬೀಸಿದಾಗ ದಾರ ಹೋಗಿ ಬೀಳತ್ತೆ, ಹುಳ ಅದರ ಹಿಂದೆ ತೇಲಿ ಇಳಿಯತ್ತೆ. ನನಗೆ ಒಂದೂವರೆ ವರ್ಷ ಬೇಕಾಯ್ತು ಇದು ಸರಿಯಾಗಿ ಬರೋಕೆ. ಮೊದಲ ಆರು ತಿಂಗಳು ನಾನು ಹಿಡಿದದ್ದು ಎರಡು ಮರ, ಒಂದು ನನ್ನದೇ ಟೋಪಿ.

ಮೀನು ಮೋಸ ಹೋಗಬೇಕಾದ್ರೆ ಆ ಹೊತ್ತಿಗೆ ಅದು ಯಾವ ಹುಳ ತಿಂತಾ ಇದೆ ಅಂತ ನಿಮಗೆ ಗೊತ್ತಿರಬೇಕು. ಕಷ್ಟವೂ ಅದೇ, ಮಜಾನೂ ಅದೇ.

ಹೊಳೆ ಕಲ್ಲಿನಡಿ ವರ್ಷಪೂರ್ತಿ ಹುಳಗಳಿರ್ತವೆ. ಮೂರು ಗುಂಪು ಮುಖ್ಯ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್. ಕ್ಯಾಡಿಸ್ ಮರಿಗಳಲ್ಲಿ ಕೆಲವು ಮರಳು, ಕಡ್ಡಿ ಅಂಟಿಸಿ ತಮ್ಮ ಮೈಗೆ ತಾವೇ ಗೂಡು ಕಟ್ಕೋತವೆ. ಸ್ಟೋನ್‌ಫ್ಲೈ ಮರಿ ಬೆಳೆದ ಮೇಲೆ ತೆವಳಿ ದಡದ ಬಂಡೆ ಹತ್ತಿ ಪೊರೆ ಬಿಡತ್ತೆ. ಮಾರ್ಚ್‌ನಲ್ಲಿ ಬಂಡೆ ಮೇಲೆ ಒಣಗಿದ ಪೊರೆ ಅಂಟಿರೋದು ಕಂಡ್ರೆ, ಯಾರೋ ಪೋಸ್ಟ್‌ಮ್ಯಾನ್ ಮನೆಯಲ್ಲಿ ಯಾರೂ ಇಲ್ಲ ಅಂತ ಚೀಟಿ ಅಂಟಿಸಿ ಹೋದಂಗಿರತ್ತೆ.

ಆದ್ರೆ ಮಾರ್ಚ್ ತಿಂಗಳ ನಿಜವಾದ ನಾಯಕ ಮೇಫ್ಲೈ. ಅದರಲ್ಲೂ ಬೀಟಿಸ್ ಅನ್ನೋ ಕುಲ. ಬೂದು ರೆಕ್ಕೆ, ಆಲಿವ್ ಬಣ್ಣದ ಮೈ, ಅರ್ಧ ಸೆಂಟಿಮೀಟರ್ ಆಸುಪಾಸು. ನೀರಲ್ಲಿ ತಿಂಗಳುಗಟ್ಟಲೆ ಮರಿಯಾಗಿದ್ದು, ಒಂದು ಮಧ್ಯಾಹ್ನ ಮೇಲೆ ತೇಲಿ ಬಂದು, ನೀರಿನ ಮೇಲ್ಮೈಯಲ್ಲೇ ಬೆನ್ನು ಸೀಳಿ ರೆಕ್ಕೆ ಬಿಚ್ಚತ್ತೆ. ರೆಕ್ಕೆ ಒಣಗೋ ತನಕ ಸಣ್ಣ ಹಾಯಿದೋಣಿ ತರ ತೇಲ್ತಾ ಇರತ್ತೆ. ಹಾರಿ ಹೋಗಿ ಗಿಡದ ಮೇಲೆ ಕೂತು ಇನ್ನೊಂದು ಸಲ ಪೊರೆ ಬಿಡತ್ತೆ. ರೆಕ್ಕೆ ಬಂದ ಮೇಲೂ ಪೊರೆ ಬಿಡೋ ಕೀಟ ಇದೊಂದೇ. ಬೆಳೆದ ಹುಳಕ್ಕೆ ಊಟ ಮಾಡೋ ಬಾಯಿ ಇಲ್ಲ. ಜೋಡಿಯಾಗಿ, ಮೊಟ್ಟೆ ಇಟ್ಟು, ಸಾಯತ್ತೆ. ಹೀಗೆ ಸಾವಿರಾರು ಹುಳ ಒಟ್ಟಿಗೆ ಏಳೋದಕ್ಕೆ ಹ್ಯಾಚ್ ಅಂತಾರೆ. ಆಗ ಮೀನು ಮೇಲಕ್ಕೆ ಬಂದು ಒಂದೊಂದನ್ನೇ ಹೀರತ್ತೆ, ನೀರಲ್ಲಿ ಉಂಗುರ ಉಂಗುರ.

ಮಾರ್ಚ್‌ನಲ್ಲಿ ಹ್ಯಾಚ್ ಯಾವಾಗ ಆಗತ್ತೆ? ಬೆಳಿಗ್ಗೆ ಬೇಗ ಎದ್ದು ಹೋಗೋದು ವೇಸ್ಟ್, ಇದನ್ನ ಮೊದಲು ಬರ್ಕೊಳಿ. ಬೇಸಿಗೆಯ ಅಭ್ಯಾಸ ಅದು. ಮಾರ್ಚ್ ಮೊದಲ ವಾರ ಬೆಳಿಗ್ಗೆ ಏಳಕ್ಕೆ ನಾನು ಥರ್ಮಾಮೀಟರ್ ಇಳಿಸಿದ್ರೆ 4 ಡಿಗ್ರಿ, ಕೆಲವು ದಿನ ಇನ್ನೂ ಕಮ್ಮಿ. ಮೀನಿನ ಮೈ ನೀರಿನಷ್ಟೇ ತಣ್ಣಗಿರತ್ತೆ. ಆ ಚಳಿಯಲ್ಲಿ ಅದು ಆಳದ ಗುಂಡಿಯಲ್ಲಿ, ಬಂಡೆ ಮರೆಯಲ್ಲಿ ಸುಮ್ಮನೆ ಬಿದ್ದಿರತ್ತೆ. ಒಂದು ಹುಳಕ್ಕೋಸ್ಕರ ಎರಡಡಿ ಆಚೆ ಬರಲ್ಲ, ಸಿಗೋದಕ್ಕಿಂತ ಖರ್ಚಾಗೋದೇ ಜಾಸ್ತಿ. ಹತ್ತು ಗಂಟೆಗೆ ಬಿಸಿಲು ಕಣಿವೆಗೆ ಇಳಿಯತ್ತೆ. ಒಂದು ಗಂಟೆ ಹೊತ್ತಿಗೆ ನೀರು 7, 8 ಡಿಗ್ರಿ. ಆಟ ಶುರುವಾಗೋದು ಆಗ, ಮೂರು ಗಂಟೆಗೆ ಹೆಚ್ಚುಕಡಿಮೆ ಮುಗಿಯತ್ತೆ. ಆರಾಮಾಗಿ ಎದ್ದು, ಪರೋಟ ತಿಂದು, ಚಾ ಕುಡಿದು ಹೋದ್ರೆ ಸಾಕು.

ಇನ್ನೊಂದು ವಿಚಿತ್ರ. ಒಳ್ಳೆ ಬಿಸಿಲಿದ್ದ ದಿನಕ್ಕಿಂತ ಮೋಡ ಕವಿದು, ಸಣ್ಣಗೆ ಜಿನುಗೋ ದಿನವೇ ಬೀಟಿಸ್‌ಗೆ ಇಷ್ಟ. ಹವೆ ಒದ್ದೆಯಾಗಿದ್ರೆ ರೆಕ್ಕೆ ಒಣಗೋದು ನಿಧಾನ, ಹುಳ ಹೆಚ್ಚು ಹೊತ್ತು ನೀರ ಮೇಲೇ ತೇಲತ್ತೆ, ಮೀನಿಗೆ ಹಬ್ಬ. ಜಾಸ್ತಿ ಬಿಸಿಲು ಬಿದ್ರೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಮೇಲೆ ಆ ತಣ್ಣೀರು ಕೆಳಗೆ ಬರತ್ತೆ. ಹೊರಗೆ ಸೆಕೆ, ನದಿ ಮಾತ್ರ ಇನ್ನೂ ತಣ್ಣಗೆ. ಏಪ್ರಿಲ್ ಕೊನೆ, ಮೇ ಹೊತ್ತಿಗೆ ಹಿಮನೀರು ಜೋರಾಗಿ, ಬಣ್ಣ ತಿರುಗಿ, ಕಾಲಿಡೋದೇ ಕಷ್ಟ. ಹಾಗಾಗಿ ಮಾರ್ಚ್‌ನಿಂದ ಏಪ್ರಿಲ್ ಮಧ್ಯದ ತನಕದ ಕಿಟಕಿ ಇದೆಯಲ್ಲ, ಅದು ತುಂಬ ಬೆಲೆಬಾಳೋದು. ನಮಗೆ ಆಗಲೇ ಅಪ್ರೈಸಲ್ ಬೇರೆ ಇರತ್ತೆ, ಅದು ನಮ್ಮ ಹಣೆಬರಹ.

ಈಗ ನನ್ನ ಕಥೆಗೆ ಬರ್ತೀನಿ. ರಜೆ ಸಿಗೋದು ನಾಲ್ಕು ದಿನ. ಆ ನಾಲ್ಕು ದಿನದಲ್ಲೇ ಹ್ಯಾಚ್ ಆಗಬೇಕು. ಇಂಜಿನಿಯರ್ ತಲೆ ಏನು ಮಾಡತ್ತೆ? ಸ್ಪ್ರೆಡ್‌ಶೀಟ್ ಮಾಡತ್ತೆ.

ಡಿಗ್ರಿ-ಡೇ ಅಂತ ಒಂದು ಲೆಕ್ಕ ಇದೆ. ತಣ್ಣಗಿನ ರಕ್ತದ ಜೀವಿಗಳ ಬೆಳವಣಿಗೆ ಕ್ಯಾಲೆಂಡರ್ ನೋಡಲ್ಲ, ಒಟ್ಟು ಎಷ್ಟು ಬಿಸಿ ಸಿಕ್ಕಿತು ಅಂತ ನೋಡತ್ತೆ. ದಿನದ ಸರಾಸರಿ 5 ಡಿಗ್ರಿ ಇದ್ರೆ ಆ ದಿನಕ್ಕೆ 5 ಅಂಕ. ಹತ್ತು ದಿನಕ್ಕೆ 50. ಕೂಡ್ತಾ ಹೋಗೋದು, ಒಂದು ಮಟ್ಟ ಮುಟ್ಟಿದಾಗ ಹುಳ ಏಳತ್ತೆ. ರೈತರಿಗೆ, ಕೃಷಿ ವಿಜ್ಞಾನಿಗಳಿಗೆ ಇದು ಹಳೇ ವಿಷಯ. ನನಗೆ ಹೊಸದು, ಭಾರಿ ಖುಷಿಯಾಯ್ತು. ಎರಡು ವರ್ಷದ ನನ್ನ ಟಿಪ್ಪಣಿ, ವೆದರ್ ಸೈಟಿನಿಂದ ಬಂಜಾರಿನ ಹವೆಯ ಉಷ್ಣಾಂಶ, ಎಲ್ಲ ಹಾಕಿ ಗ್ರಾಫ್ ಎಳೆದು, ಮಾರ್ಚ್ 14 ಅಂತ ದಿನ ತೆಗೆದೆ. ಆಫೀಸಿನಲ್ಲಿ ಮ್ಯಾನೇಜರ್‌ಗೆ ಮದುವೆ ಅಂತ ಹೇಳಿ ರಜೆ ಹಾಕಿದೆ. ಯಾರ ಮದುವೆ ಅಂತ ಅವರು ಕೇಳಲಿಲ್ಲ. ಮೇಫ್ಲೈದು ಅಂತ ಹೇಳಬಹುದಿತ್ತು.

14ನೇ ತಾರೀಖು ಒಂದು ಗಂಟೆ. ಎದೆ ತನಕ ಬರೋ ರಬ್ಬರ್ ಪ್ಯಾಂಟು ಹಾಕ್ಕೊಂಡು ನದಿಯಲ್ಲಿ ನಿಂತಿದೀನಿ. ಒಂದೂ ಹುಳ ಇಲ್ಲ. ಎರಡು ಗಂಟೆ. ಇಲ್ಲ. ನೀರಿನ ಥರ್ಮಾಮೀಟರ್ 5 ತೋರಿಸ್ತಿದೆ. ನನ್ನ ಶೀಟ್ ಪ್ರಕಾರ 8 ಇರಬೇಕಿತ್ತು. ತಪ್ಪು ಗೊತ್ತಾಗಿರಬೇಕಲ್ಲ ನಿಮಗೆ? ನಾನು ಅಳೆದದ್ದು ಹವೆ, ಹುಳ ಇರೋದು ನೀರಲ್ಲಿ. ಆ ವರ್ಷ ಫೆಬ್ರವರಿ ಕೊನೆಗೆ ಮೇಲೆ ಚೆನ್ನಾಗಿ ಹಿಮ ಬಿದ್ದಿತ್ತು. ಬಂಜಾರಿನಲ್ಲಿ ಸ್ವೆಟರ್ ತೆಗೆಯೋ ಹಂಗಿದ್ರೂ ನದಿ ಹಿಮದ ಲೆಕ್ಕದಲ್ಲೇ ನಡೀತಿತ್ತು. ಪ್ರೊಡಕ್ಷನ್ ಬಿಟ್ಟು ಬೇರೆ ಸರ್ವರಿನ ಲಾಗ್ ಓದ್ದಂಗೆ.

ನಾನು ಉಳ್ಕೊಂಡಿದ್ದ ಮನೆಯ ಹಿರಿಯರು ದಡಕ್ಕೆ ಬಂದ್ರು. ಎಪ್ಪತ್ತು ದಾಟಿದವರು, ಹುಟ್ಟಿದ್ದು ಬೆಳೆದದ್ದೆಲ್ಲ ಅದೇ ಕಣಿವೆಯಲ್ಲಿ. ನಾನು ಚಾಚಾಜಿ ಅಂತೀನಿ. ಮಾತು ಹಿಂದಿಯಲ್ಲೇ ಆಗಿದ್ದು, ಕನ್ನಡದಲ್ಲಿ ಹೇಳ್ತೀನಿ.

"ಏನಪ್ಪಾ, ಸಿಕ್ತಾ?"

"ಇಲ್ಲ ಚಾಚಾಜಿ. ಇವತ್ತು ಹುಳ ಏಳಬೇಕಿತ್ತು."

"ಯಾರು ಹೇಳಿದ್ರು?"

ಕಂಪ್ಯೂಟರ್ ಅಂತ ಹೇಳೋಕೆ ನಾಚಿಕೆಯಾಗಿ ಸುಮ್ಮನಾದೆ. ಅವರು ಚಪ್ಪಲಿ ಬಿಟ್ಟು, ಅಂಚಿನಲ್ಲೇ ಬಗ್ಗಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಎತ್ತಿ ತಿರುಗಿಸಿ ತೋರಿಸಿದ್ರು. ಕಲ್ಲಿನ ಅಡಿಗೆ ಮೇಫ್ಲೈ ಮರಿಗಳು ಹರಿದಾಡ್ತಿದ್ವು. ಅವುಗಳ ಬೆನ್ನ ಮೇಲೆ ಎರಡು ಸಣ್ಣ ದಿಂಬಿನ ತರ ಇರತ್ತೆ, ಒಳಗೆ ರೆಕ್ಕೆ ಮಡಿಸಿಟ್ಟಿರೋ ಜಾಗ. "ನೋಡು, ಇನ್ನೂ ಕಂದು. ಏಳೋ ಹೊತ್ತಿಗೆ ಕಪ್ಪಾಗತ್ತೆ. ಇನ್ನೊಂದು ವಾರ ಬೇಕು ಇದಕ್ಕೆ." ಕಲ್ಲನ್ನ ಇದ್ದ ಹಾಗೇ, ಅದೇ ಮಗ್ಗುಲಿಗೆ ವಾಪಸ್ ಇಟ್ರು.

ಎರಡು ತಿಂಗಳ ಸ್ಪ್ರೆಡ್‌ಶೀಟ್, ಒಂದು ಕಲ್ಲು. ಇದು ನಗು ಬರೋ ಭಾಗ. ಆಮೇಲಿಂದು ನಗು ಬರೋದಲ್ಲ.

ನಾನು ದಡಕ್ಕೆ ಬರೋಕೆ ಹೊರಟೆ. ಮಧ್ಯೆ ಮೊಣಕಾಲುದ್ದ ನೀರು, ಅಡಿಗೆ ಗೋಲಿ, ನಿಂಬೆಹಣ್ಣು ಗಾತ್ರದ ಜಲ್ಲಿ. ಸುತ್ತಮುತ್ತಲಿನ ಕಲ್ಲಿಗೆಲ್ಲ ಪಾಚಿ ಹಿಡಿದಿತ್ತು, ಆ ಜಾಗ ಮಾತ್ರ ತೊಳೆದಿಟ್ಟ ಹಾಗೆ ತಿಳಿಬಣ್ಣ. ಜಾರಲ್ಲ ಅಂತ ಮೂರು ದಿನದಿಂದ ನಾನು ಅದರ ಮೇಲೇ ನಿಂತು, ಅದರ ಮೇಲೇ ಓಡಾಡ್ತಿದ್ದೆ. ಚಾಚಾಜಿ ಕೈ ಅಡ್ಡ ಮಾಡಿ ಕೂಗಿದ್ರು. ಆ ಕಡೆಯಿಂದ ಬರಬೇಡ, ಸುತ್ತಿ ಬಾ, ಅದು ಮೀನಿನ ಬಾಣಂತಿ ಕೋಣೆ ಅಂತ.

ಹೆಣ್ಣು ಟ್ರೌಟ್ ಮಗ್ಗುಲಾಗಿ ಮಲಗಿ ಬಾಲದಿಂದ ಜಲ್ಲಿ ಬಡಿದು ಗುಳಿ ತೋಡತ್ತೆ. ಮೊಟ್ಟೆ ಇಟ್ಟು, ಗಂಡು ಬಂದು ಹೋದ ಮೇಲೆ, ಮೇಲ್ಗಡೆಯಿಂದ ಇನ್ನಷ್ಟು ಜಲ್ಲಿ ತಳ್ಳಿ ಮುಚ್ಚತ್ತೆ. ಅದಕ್ಕೆ ಅಲ್ಲಿ ಪಾಚಿ ಇರಲ್ಲ, ತೊಳೆದ ಹಾಗೆ ಕಾಣತ್ತೆ. ಮುಂದೆ ಒಂದು ತಗ್ಗು, ಹಿಂದೆ ಒಂದು ದಿಬ್ಬ. ಮೊಟ್ಟೆ ಇರೋದು ದಿಬ್ಬದೊಳಗೆ. ನಾನು ನಿಂತಿದ್ದು ದಿಬ್ಬದ ಮೇಲೆ.

ಆದ್ರೆ ಅದು ನವೆಂಬರ್, ಡಿಸೆಂಬರ್ ಕಥೆ ಅಲ್ವಾ, ಮಾರ್ಚ್‌ನಲ್ಲಿ ಏನಿರತ್ತೆ ಅಂತ ನಾನು ವಾದ ಮಾಡಿದೆ. ಸರ್ಕಾರವೇ ಸೀಸನ್ ಓಪನ್ ಮಾಡಿದೆ. ಚಾಚಾಜಿ ವಾದ ಮಾಡಲಿಲ್ಲ, ಚಾ ಆರ್ತಿದೆ ಅಂತ ಹೊರಟುಹೋದ್ರು.

ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಅದೇ ಸ್ಪ್ರೆಡ್‌ಶೀಟ್ ಓಪನ್ ಮಾಡಿದೆ. ಬ್ರೌನ್ ಟ್ರೌಟ್ ಮೊಟ್ಟೆ ಒಡೆಯೋದಕ್ಕೆ ಸುಮಾರು 400ರಿಂದ 450 ಡಿಗ್ರಿ-ಡೇ ಬೇಕು. ಚಳಿಗಾಲದಲ್ಲಿ ನೀರು ಸರಾಸರಿ 4 ಡಿಗ್ರಿ ಅಂತ ಇಟ್ಕೊಳಿ. ನೂರು ದಿನಕ್ಕೆ 400. ಡಿಸೆಂಬರ್ 1ಕ್ಕೆ ಇಟ್ಟ ಮೊಟ್ಟೆಗೆ ನೂರು ದಿನ ತುಂಬೋದು ಯಾವಾಗ? ಮಾರ್ಚ್ 11. ಒಡೆದ ಮೇಲೂ ಮರಿ ಹೊರಗೆ ಬರಲ್ಲ. ಹೊಟ್ಟೆಗೆ ಅಂಟಿದ ಭಂಡಾರದ ಚೀಲ ಕರಗೋ ತನಕ ಇನ್ನೂ ಕೆಲವು ವಾರ ಜಲ್ಲಿ ಸಂದಿಯಲ್ಲೇ ಇರತ್ತೆ. ಈಜೋಕೆ ಬರಲ್ಲ, ತಪ್ಪಿಸ್ಕೊಳ್ಳೋಕೆ ಆಗಲ್ಲ. ಎಪ್ಪತ್ತು ಕಿಲೋದ ಮನುಷ್ಯ ಮೇಲೆ ನಿಂತ್ರೆ ಕಲ್ಲು ಕಲ್ಲಿಗೆ ಒರೆಯತ್ತೆ. ಅಷ್ಟೇ.

ಎಷ್ಟು ಸತ್ವು ಅಂತ ಲೆಕ್ಕ ಹಾಕೋಕೆ ಹೋಗಿಲ್ಲ. ಒಂದು ಗುಳಿಯಲ್ಲಿ ನೂರಾರು ಇರ್ತವೆ.

ನನಗೆ ಹೊಟ್ಟೆ ಉರಿದದ್ದು ಯಾಕೆ ಗೊತ್ತಾ? ನಾನು ಮೀನು ತಿನ್ನಲ್ಲ, ಹಿಡಿದು ಬಿಡೋನು. ಗಾಳದ ಒಳಮುಳ್ಳನ್ನ ಇಕ್ಕಳದಿಂದ ಚಪ್ಪಟೆ ಮಾಡಿ, ಕೈ ಒದ್ದೆ ಮಾಡ್ಕೊಂಡು, ಮೀನನ್ನ ನೀರಿನಿಂದ ಮೇಲೆತ್ತದೆ ಬಿಡಿಸೋನು. ಬಕೆಟ್ ತಗೊಂಡು ಬಂದು ಹಿಡ್ಕೊಂಡು ಹೋಗೋ ಜನರನ್ನ ನೋಡಿದ್ರೆ ಒಳಗೊಳಗೇ ನಾನು ಬೇರೆ ಅಂತ ಅನ್ಕೋತಿದ್ದೆ. ಅವರು ಎರಡು ಮೀನು ಹಿಡಿದು, ದಡದಲ್ಲೇ ನಿಂತು, ಸಾಂಬಾರಿಗೆ ಒಯ್ದಿರ್ತಾರೆ. ಮೂರು ದಿನ ಗುಳಿ ಮೇಲೆ ನಿಂತಿದ್ದು ನಾನು. ಸೂತ್ರ ನನ್ನ ಹತ್ರಾನೇ ಇತ್ತು. ಹುಳಕ್ಕೆ ಹಾಕಿದ ಲೆಕ್ಕವನ್ನ ಮೀನಿಗೆ ಹಾಕಿ ನೋಡೋಣ ಅಂತ ಒಂದು ಸಲವೂ ಅನ್ನಿಸಿರಲಿಲ್ಲ, ಯಾಕಂದ್ರೆ ನನಗೆ ಬೇಕಾಗಿದ್ದು ಹುಳದ ದಿನ ಮಾತ್ರ.

ಒಬ್ಬ ಗೆಳೆಯನಿಗೆ ಹೇಳಿದಾಗ ಅವನು ಕೇಳ್ದ, ಅದು ಹೊರಗಿನಿಂದ ತಂದ ಮೀನು ತಾನೇ, ಅಲ್ಲಿಯ ಅಸಲಾ ಮೀನಿಗೆ ಅದೇ ಪೈಪೋಟಿ, ಕಮ್ಮಿಯಾದ್ರೆ ಒಳ್ಳೇದಲ್ವಾ? ನ್ಯಾಯವಾದ ಪ್ರಶ್ನೆ. ಅಸಲಾ ಅಂದ್ರೆ ಹಿಮಾಲಯದ ನಿಜವಾದ ನಿವಾಸಿ ಮೀನು, ಅದಕ್ಕೆ ತೊಂದರೆಯಾಗಿರೋದು ಹೌದು. ಆದ್ರೆ ತೀರ್ಥನ್ ಮೇಲೆ ಜಲವಿದ್ಯುತ್ ಯೋಜನೆ ಬೇಡ ಅಂತ ಊರಿನವರು ಹೋರಾಡಿ ನದಿಯನ್ನ ಹರಿಯೋ ಹಾಗೇ ಉಳಿಸಿಕೊಂಡಾಗ, ಅವರು ಮುಂದಿಟ್ಟ ಕಾರಣಗಳಲ್ಲಿ ಟ್ರೌಟ್ ಕೂಡ ಒಂದು. ಪಕ್ಕದ ಸೈಂಜ್ ನದಿಗೆ ಆ ಭಾಗ್ಯ ಸಿಗಲಿಲ್ಲ. ಮೀನು ಬೇಕೋ ಬೇಡವೋ ಅನ್ನೋದನ್ನ ಆ ಕಣಿವೆಯವರು ತೀರ್ಮಾನ ಮಾಡ್ಲಿ, ನನ್ನ ಬೂಟು ಮಾಡೋದಲ್ಲ. ಶೃಂಗೇರಿಯಲ್ಲಿ ತುಂಗೆ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕಿ ಬೆಳೆದೋನು ನಾನು. ಅಲ್ಲಿ ಯಾರಾದ್ರೂ ಮೀನನ್ನ ತುಳಿದ್ರೆ ಏನಾಗತ್ತೆ ಯೋಚ್ನೆ ಮಾಡಿ.

ಈಗ ಏನು ಮಾಡ್ತೀನಿ ಅಂದ್ರೆ, ಮಾರ್ಚ್‌ನಲ್ಲಿ ಆದಷ್ಟೂ ದಡದಿಂದಲೇ ಬೀಸ್ತೀನಿ. ಇಳಿಯಲೇಬೇಕಾದ್ರೆ ದೊಡ್ಡ ಬಂಡೆಗಳ ಮೇಲೆ, ಇಲ್ಲ ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಡ್ತೀನಿ. ಜಾರತ್ತೆ, ಎರಡು ಸಲ ಬಿದ್ದಿದೀನಿ, ಕೋಲು ಇಟ್ಕೊಳಿ. ಗುಂಡಿ ಮುಗಿದು ನೀರು ತೆಳುವಾಗಿ ಹರಿಯೋಕೆ ಶುರುವಾಗೋ ಜಾಗದ ತಿಳಿ ಜಲ್ಲಿ, ಅದರ ಹತ್ರ ಸುಳಿಯಲ್ಲ. ಮೀನು ಗುಳಿ ತೋಡೋದು ಅಲ್ಲೇ ಜಾಸ್ತಿ. ಬೆಳಿಗ್ಗೆ ನೀರಿನ ಉಷ್ಣಾಂಶ ಬರ್ಕೋತೀನಿ, ಅಂಚಿನ ಒಂದೇ ಒಂದು ಕಲ್ಲು ತಿರುಗಿಸಿ ನೋಡ್ತೀನಿ, ವಾಪಸ್ ಇಡ್ತೀನಿ. ಹನ್ನೆರಡರ ತನಕ ಮರಿಹುಳದ ಆಕಾರದ ಗಾಳವನ್ನ ಆಳಕ್ಕೆ ಇಳಿಸೋದು. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಅನ್ನೋರು ಪುಕ್ಕ ಮತ್ತು ತಾಮ್ರದ ತಂತಿಯಲ್ಲೇ ಕಟ್ಟಿದ ಫೆಸೆಂಟ್ ಟೇಲ್ ಅಂತ ಇದೆ, ಬೀಟಿಸ್ ಮರಿಗೆ ಅದಕ್ಕಿಂತ ಒಳ್ಳೇದು ನಾನು ನೋಡಿಲ್ಲ. 18ನೇ ನಂಬರಿನ ಗಾಳ. ಹ್ಯಾಚ್ ಶುರುವಾದ್ರೆ ತೇಲೋ ಹುಳಕ್ಕೆ ಬದಲಾಯಿಸೋದು.

ಹೋದ ಮಾರ್ಚ್‌ನಲ್ಲಿ ಮತ್ತೆ ಹೋಗಿದ್ದೆ. ಈ ಸಲ ಮ್ಯಾನೇಜರ್‌ಗೆ ನಿಜಾನೇ ಹೇಳಿದೆ, ಅವರು ನಂಬಲಿಲ್ಲ. ಮೂರನೇ ದಿನ ಮೋಡ. ಬೆಳಿಗ್ಗೆ ಕಲ್ಲು ತಿರುಗಿಸಿದ್ರೆ ಬೆನ್ನ ದಿಂಬುಗಳು ಇದ್ದಿಲಿನಷ್ಟು ಕಪ್ಪು. ಚಾಚಾಜಿಯೂ ಬಂದು ಕೂತ್ರು. ಒಂದೂ ನಲವತ್ತಕ್ಕೆ ಮೊದಲ ಹುಳ, ಆಮೇಲೆ ಹತ್ತು, ಆಮೇಲೆ ಎಣಿಸೋಕಾಗಲಿಲ್ಲ. ದಡದಿಂದಲೇ ಎರಡು ಮೀನು ಹಿಡಿದು ಬಿಟ್ಟೆ, ಗೇಣುದ್ದದವು. ಆಗ ಆಚೆ ದಡದ ಬಂಡೆ ಬುಡದಲ್ಲಿ ಒಂದು ಎದ್ದಿತು. ಸದ್ದೇ ಬೇರೆ, ನಿಧಾನ, ಬೆನ್ನು ಕಂಡಾಗ ಗೊತ್ತಾಯ್ತು, ಆ ನದಿಯಲ್ಲಿ ನಾನು ನೋಡಿದ್ರಲ್ಲೇ ದೊಡ್ಡದು. ದಡದಿಂದ ದಾರ ಮುಟ್ಟಲ್ಲ. ಮಧ್ಯೆ ಆ ತಿಳಿ ಜಲ್ಲಿ. ನಾಲ್ಕು ಹೆಜ್ಜೆ ಅಷ್ಟೇ.

ನಾನು ಚಾಚಾಜಿ ಮುಖ ನೋಡಿದೆ. ಅವರು ನೀರು ನೋಡ್ತಿದ್ರು, ನನ್ನ ಕಡೆ ತಿರುಗಲೇ ಇಲ್ಲ. ಕೋಲನ್ನ ಬಂಡೆಗೆ ಒರಗಿಸಿಟ್ಟು ನಾನೂ ಕೂತೆ. ಅದು ಇಪ್ಪತ್ತು ನಿಮಿಷ ತಿಂತು. ನಾವಿಬ್ಬರೂ ಎಣಿಸಿದ್ವಿ, ನನ್ನ ಲೆಕ್ಕ 63, ಅವರದ್ದು 70. ಹುಳ ನಿಂತ ಮೇಲೆ ಅದೂ ಕೆಳಗೆ ಹೋಯ್ತು. ನನಗೆ ಸಂಜೆ ಬಸ್ಸಿತ್ತು.

ಪ್ರಶ್ನೆ ಇದ್ರೆ ಕೇಳಿ. ಪರ್ಮಿಟ್ ಬಗ್ಗೆ ಕೇಳೋರು ಆಮೇಲೆ ಕಾಫಿ ಹತ್ರ ಸಿಗಿ, ಅದು ಸ್ವಲ್ಪ ಉದ್ದದ ಕಥೆ.